ನಿಮ್ಮ ಕಂಪ್ಯೂಟರ್‌ನ ಯುಎಸ್‌ಬಿ ಪೋರ್ಟ್ 2.0ನಾ, 3.0ನಾ? ಹಾರ್ಡ್‌ಡಿಸ್ಕ್ ಕೊಳ್ಳೋ ಮುಂಚೆ ಹೀಗೆ ಚೆಕ್ ಮಾಡಿ

ಶಿವಮೊಗ್ಗ/ಭದ್ರಾವತಿ: ಅಡಿಕೆ ಮಂಡಿಯ ಲೆಕ್ಕ ಇರಲಿ, ಜೆರಾಕ್ಸ್ ಅಂಗಡಿ ಇರಲಿ, ಮದುವೆ ಫೋಟೋ ತೆಗೆಯೋ ಸ್ಟುಡಿಯೋ ಇರಲಿ, ಈಗ ಕಂಪ್ಯೂಟರ್ ಇಲ್ಲದೆ ವ್ಯವಹಾರ ನಡೆಯಲ್ಲ. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್, ಬಿಲ್ ಪ್ರಿಂಟರ್, ಥಂಬ್ ಮಷಿನ್, ಜಿಎಸ್‌ಟಿಗೆ ಬಳಸೋ ಡಿಎಸ್‌ಸಿ ಟೋಕನ್ ಎಲ್ಲವನ್ನೂ ಚುಚ್ಚೋದು ಯುಎಸ್‌ಬಿ ಪೋರ್ಟ್‌ಗೇ. ನೋಡೋಕೆ ಎಲ್ಲ ಪೋರ್ಟ್ ಒಂದೇ ಥರ. ಆದರೆ ಒಂದೇ ಕಂಪ್ಯೂಟರ್‌ನಲ್ಲಿ ಅಕ್ಕಪಕ್ಕ ಇರೋ ಎರಡು ಪೋರ್ಟ್‌ಗಳ ವೇಗದಲ್ಲಿ ಹತ್ತು ಪಟ್ಟು ವ್ಯತ್ಯಾಸ ಇರಬಹುದು.

ಇದು ಗೊತ್ತಿಲ್ಲದೆ ಸಾವಿರಾರು ರೂಪಾಯಿ ಕೊಟ್ಟು ಫಾಸ್ಟ್ ಎಸ್‌ಎಸ್‌ಡಿ ತಂದು, ಹಳೇ ಪೋರ್ಟ್‌ಗೆ ಹಾಕಿ, ‘ಇದು ಸ್ಲೋ ಇದೆ, ಡೂಪ್ಲಿಕೇಟ್ ಮಾಲು’ ಅಂತ ಅಂಗಡಿಯವರ ಜೊತೆ ಜಗಳ ಆಡುವವರಿದ್ದಾರೆ. ‘ಎಲ್ಲ ಪೋರ್ಟೂ ಫಾಸ್ಟ್’ ಅನ್ನೋ ಮಾತು ನಂಬಿ ಸೆಕೆಂಡ್ ಹ್ಯಾಂಡ್ ಸಿಸ್ಟಮ್ ತಂದು ಕೈ ಸುಟ್ಟುಕೊಳ್ಳುವವರೂ ಇದ್ದಾರೆ. ಪೋರ್ಟ್ ಯಾವುದು ಅಂತ ತಿಳಿಯೋಕೆ ಟೆಕ್ನಿಷಿಯನ್ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಹತ್ತು ನಿಮಿಷ ಸಾಕು. ಅದರ ಪೂರ್ತಿ ಮಾಹಿತಿ ಇಲ್ಲಿದೆ.

ಪೋರ್ಟ್ ವರ್ಷನ್ ಯಾಕೆ ಮುಖ್ಯ?

ಭದ್ರಾ ನಾಲೆ ತುಂಬಿ ಹರಿದರೂ ಗದ್ದೆಗೆ ಬರೋದು ತೂಬಿನ ಅಳತೆಯಷ್ಟೇ ನೀರು. ಯುಎಸ್‌ಬಿ ಕಥೆಯೂ ಅದೇ. ಕಂಪ್ಯೂಟರ್‌ನ ಪೋರ್ಟ್, ನಡುವಿನ ಕೇಬಲ್, ಆ ಕಡೆ ಇರೋ ಡ್ರೈವ್, ಈ ಮೂರರಲ್ಲಿ ಯಾವುದು ನಿಧಾನವೋ ಅದರ ವೇಗವೇ ಕೊನೆಗೆ ನಿಮಗೆ ಸಿಗೋದು. ಎರಡು ಫಾಸ್ಟ್ ಇದ್ದು ಒಂದು ಹಳೇದಿದ್ದರೂ ಕೆಲಸ ಹಳೇದರ ಲೆಕ್ಕದಲ್ಲೇ ನಡೆಯುತ್ತೆ.

ಒಂದು ಉದಾಹರಣೆ ನೋಡಿ. ಎರಡು ದಿನದ ಮದುವೆಯ ಫೋಟೋ, ವಿಡಿಯೋ ಸೇರಿ 200 ಜಿಬಿ ಇದೆ ಅಂದುಕೊಳ್ಳಿ. ಅದನ್ನು ಕಾಪಿ ಮಾಡೋಕೆ ಹಿಡಿಯೋ ಅಂದಾಜು ಸಮಯ ಹೀಗಿದೆ:

• 2.0 ಪೋರ್ಟ್‌ನಲ್ಲಿ, ಯಾವ ಡ್ರೈವ್ ಹಾಕಿದರೂ: ಸುಮಾರು 1 ಗಂಟೆ 45 ನಿಮಿಷ
• 3.0 ಪೋರ್ಟ್‌ನಲ್ಲಿ ಸಾಮಾನ್ಯ ಪೋರ್ಟಬಲ್ ಹಾರ್ಡ್‌ಡಿಸ್ಕ್: ಸುಮಾರು ಅರ್ಧ ಗಂಟೆ
• 3.0 ಪೋರ್ಟ್‌ನಲ್ಲಿ ಒಳ್ಳೆ ಎಸ್‌ಎಸ್‌ಡಿ: 8ರಿಂದ 9 ನಿಮಿಷ

ಅಂಗಡಿಯ ಯುಪಿಎಸ್ ಎಳೆಯೋದು ಹತ್ತು ಹದಿನೈದು ನಿಮಿಷ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಎಂಟು ನಿಮಿಷದ ಕಾಪಿ ಯುಪಿಎಸ್ ಮೇಲೇ ಮುಗಿದುಹೋಗುತ್ತೆ. ಒಂದೂಮುಕ್ಕಾಲು ಗಂಟೆಯ ಕಾಪಿ ಅರ್ಧಕ್ಕೆ ನಿಂತರೆ ಫೈಲ್ ಹಾಳಾಗಬಹುದು, ಕೆಲವೊಮ್ಮೆ ಡ್ರೈವ್‌ಗೂ ಪೆಟ್ಟು ಬೀಳುತ್ತೆ. ಕ್ಯಾಮೆರಾ ಕಾರ್ಡ್ ಆಗಲೇ ಖಾಲಿ ಮಾಡಿದ್ದರೆ ಆ ಮದುವೆ ಮತ್ತೆ ಬರಲ್ಲ. ಟ್ಯಾಲಿ ಬ್ಯಾಕಪ್ ತೆಗೆಯೋ ವ್ಯಾಪಾರಿಗೂ ಇದೇ ಮಾತು: ಬ್ಯಾಕಪ್ ಬೇಗ ಆದರೆ ದಿನಾ ತೆಗೀತಾರೆ, ತಡ ಆದರೆ ನಾಳೆ ನೋಡೋಣ ಅಂತ ಬಿಡ್ತಾರೆ.

ಯುಎಸ್‌ಬಿ 1ರಿಂದ 4ರ ತನಕ

ಮೊದಲು ಕೀಬೋರ್ಡ್‌ಗೆ ಒಂದು, ಪ್ರಿಂಟರ್‌ಗೆ ಒಂದು, ಮೋಡೆಮ್‌ಗೆ ಇನ್ನೊಂದು ಅಂತ ಬೇರೆ ಬೇರೆ ಆಕಾರದ ಪಿನ್ ಇತ್ತು. ಎಲ್ಲಕ್ಕೂ ಒಂದೇ ಪಿನ್ ಮಾಡೋಣ ಅಂತ 1994ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ ಸೇರಿ 7 ಕಂಪನಿಗಳು ಕೆಲಸ ಶುರು ಮಾಡಿದವು. ಇದರ ಹಿಂದಿನ ಮುಖ್ಯ ತಲೆ ನಮ್ಮ ದೇಶದವರೇ. ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್. ಆಮೇಲೆ ಬಂದ ವರ್ಷನ್‌ಗಳು ಹೀಗಿವೆ:

• ಯುಎಸ್‌ಬಿ 1.0 (1996) ಮತ್ತು 1.1 (1998): ಸೆಕೆಂಡಿಗೆ 12 ಮೆಗಾಬಿಟ್
• ಯುಎಸ್‌ಬಿ 2.0 (2000): ಸೆಕೆಂಡಿಗೆ 480 ಮೆಗಾಬಿಟ್
• ಯುಎಸ್‌ಬಿ 3.0 (2008): ಸೆಕೆಂಡಿಗೆ 5 ಗಿಗಾಬಿಟ್
• ಯುಎಸ್‌ಬಿ 3.1 (2013): ಸೆಕೆಂಡಿಗೆ 10 ಗಿಗಾಬಿಟ್
• ಯುಎಸ್‌ಬಿ 3.2 (2017): ಸೆಕೆಂಡಿಗೆ 20 ಗಿಗಾಬಿಟ್
• ಯುಎಸ್‌ಬಿ4 (2019): ಸೆಕೆಂಡಿಗೆ 40 ಗಿಗಾಬಿಟ್. 2022ರಲ್ಲಿ ಬಂದ ಇದರ ಎರಡನೇ ಆವೃತ್ತಿ 80 ಗಿಗಾಬಿಟ್

ಇವೆಲ್ಲ ಆಯಾ ವರ್ಷನ್‌ನ ಗರಿಷ್ಠ ವೇಗ. ಇಲ್ಲಿ ಬರೆದಿರೋದು ಬಿಟ್ ಲೆಕ್ಕ. ಕಾಪಿ ಮಾಡುವಾಗ ಕಂಪ್ಯೂಟರ್ ತೋರಿಸೋದು ಬೈಟ್ ಲೆಕ್ಕ, ಅಂದರೆ ಎಂಬಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 480 ಮೆಗಾಬಿಟ್ ಅಂದರೆ ಸೆಕೆಂಡಿಗೆ 60 ಎಂಬಿ. ಅದೂ ಪೇಪರ್ ಮೇಲೆ ಮಾತ್ರ. ನಿಜವಾಗಿ ಸಿಗೋದು 30ರಿಂದ 40 ಎಂಬಿ. 3.0 ಪೋರ್ಟ್‌ನಲ್ಲಿ ಒಳ್ಳೆ ಎಸ್‌ಎಸ್‌ಡಿ ಹಾಕಿದರೆ 400 ಎಂಬಿ ಆಸುಪಾಸು ಸಿಗುತ್ತೆ.

ಹೆಸರಿನ ಗೊಂದಲ: 3.0, 3.1, 3.2 ಎಲ್ಲ ಒಂದೇನಾ?

ಗ್ರಾಹಕರು ಜಾಸ್ತಿ ಎಡವೋದು ಇಲ್ಲೇ. ಯುಎಸ್‌ಬಿ ನಿಯಮ ಮಾಡೋ ಸಂಸ್ಥೆ ಹಳೇ ವೇಗಕ್ಕೇ ಹೊಸ ಹೆಸರು ಇಡ್ತಾ ಬಂತು. 2008ರ ಯುಎಸ್‌ಬಿ 3.0ಗೆ ಆಮೇಲೆ ‘3.1 ಜೆನ್ 1’ ಅಂತ ಹೆಸರಾಯ್ತು, ಅದಾದ ಮೇಲೆ ‘3.2 ಜೆನ್ 1’ ಆಯ್ತು. ಮೂರೂ ಒಂದೇ, 5 ಗಿಗಾಬಿಟ್.

• 3.0 = 3.1 ಜೆನ್ 1 = 3.2 ಜೆನ್ 1: 5 ಗಿಗಾಬಿಟ್
• 3.1 ಜೆನ್ 2 = 3.2 ಜೆನ್ 2: 10 ಗಿಗಾಬಿಟ್
• 3.2 ಜೆನ್ 2x2: 20 ಗಿಗಾಬಿಟ್

ಬಾಕ್ಸ್ ಮೇಲೆ ‘ಯುಎಸ್‌ಬಿ 3.2’ ಅಂತ ದೊಡ್ಡದಾಗಿ ಇದ್ದ ಮಾತ್ರಕ್ಕೆ ಅದು 3.0ಗಿಂತ ಫಾಸ್ಟ್ ಅಂತಲ್ಲ. ಪಕ್ಕದಲ್ಲಿ ಜೆನ್ 1 ಇದೆಯಾ ಜೆನ್ 2 ಇದೆಯಾ ನೋಡಿ. ಜೆನ್ ನಂಬರೇ ಬರೆದಿಲ್ಲ ಅಂದರೆ 5 ಗಿಗಾಬಿಟ್ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಈ ಗೊಂದಲ ಬೇಡ ಅಂತ 2022ರಿಂದ ಸಂಸ್ಥೆಯೇ ನೇರವಾಗಿ ‘5 ಜಿಬಿಪಿಎಸ್’, ‘10 ಜಿಬಿಪಿಎಸ್’ ಅಂತ ವೇಗ ಬರೆಯೋ ಲೋಗೋ ತಂದಿದೆ. ಅಂಗಡಿಯಲ್ಲಿ ಕೇಳುವಾಗಲೂ ವರ್ಷನ್ ಬದಲು ವೇಗವನ್ನೇ ಕೇಳಿ.

ಹಂತ 1: ಕಣ್ಣಲ್ಲೇ ನೋಡಿ ಗುರುತಿಸಿ

ಬಣ್ಣ: ಪೋರ್ಟ್ ಒಳಗೆ ಇರೋ ಪ್ಲಾಸ್ಟಿಕ್ ನಾಲಿಗೆಯ ಬಣ್ಣ ನೋಡಿ. ಕಪ್ಪು ಅಥವಾ ಬಿಳಿ ಇದ್ದರೆ ಸಾಮಾನ್ಯವಾಗಿ 2.0. ನೀಲಿ ಇದ್ದರೆ 3.0. ಹಸಿರು ಮಿಶ್ರಿತ ತಿಳಿನೀಲಿ ಇದ್ದರೆ ಹೆಚ್ಚಾಗಿ 10 ಗಿಗಾಬಿಟ್‌ದು. ಕೆಂಪು, ಹಳದಿ, ಕಿತ್ತಳೆ ಇದ್ದರೆ ಬಹಳಷ್ಟು ಕಂಪನಿಗಳಲ್ಲಿ ಅದು ಕಂಪ್ಯೂಟರ್ ಆಫ್ ಇದ್ದಾಗಲೂ ಮೊಬೈಲ್ ಚಾರ್ಜ್ ಮಾಡೋ ಪೋರ್ಟ್.

ಆದರೆ ಬಣ್ಣವೊಂದನ್ನೇ ನಂಬಬೇಡಿ. ನೀಲಿ ಹಾಕಲೇಬೇಕು ಅನ್ನೋ ಕಡ್ಡಾಯ ಯಾರಿಗೂ ಇಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅಂದಕ್ಕೋಸ್ಕರ 3.0 ಪೋರ್ಟ್‌ಗೂ ಕಪ್ಪು ಬಣ್ಣವೇ ಇರುತ್ತೆ.

ಪಿನ್: ಇದು ಬಣ್ಣಕ್ಕಿಂತ ಗಟ್ಟಿ ಗುರುತು. ಮೊಬೈಲ್ ಟಾರ್ಚ್ ಹಾಕಿ ಪೋರ್ಟ್ ಒಳಗೆ ನೋಡಿ. 2.0 ಪೋರ್ಟ್‌ನಲ್ಲಿ 4 ಪಿನ್ ಮಾತ್ರ ಇರುತ್ತೆ. 3.0ರಲ್ಲಿ ಆ 4ರ ಜೊತೆ ಇನ್ನೊಂದು ಸಾಲಿನಲ್ಲಿ 5 ಚಿಕ್ಕ ಪಿನ್ ಇರುತ್ತೆ, ಒಟ್ಟು 9. ಪೆನ್‌ಡ್ರೈವ್‌ನ ಪ್ಲಗ್ ಕೂಡ ಹೀಗೇ ನೋಡಬಹುದು. ಮುಂದೆ 4 ಪಟ್ಟಿ, ಅದರ ಹಿಂದೆ ಇನ್ನೂ 5 ಕಂಡರೆ ಅದು 3.0 ಪೆನ್‌ಡ್ರೈವ್.

ಗುರುತು: ಪೋರ್ಟ್ ಪಕ್ಕದಲ್ಲಿ ಮೂರು ಕವಲಿನ ಯುಎಸ್‌ಬಿ ಚಿಹ್ನೆ ಮಾತ್ರ ಇದ್ದರೆ ಬಹುಪಾಲು 2.0. ಅದರ ಜೊತೆ ಇಂಗ್ಲಿಷಿನ ‘ಎಸ್‌ಎಸ್’ ಅಕ್ಷರ ಇದ್ದರೆ 3.0. ‘ಎಸ್‌ಎಸ್ 10’ ಇದ್ದರೆ 10 ಗಿಗಾಬಿಟ್. ಮಿಂಚಿನ ಗುರುತು ಇದ್ದರೆ ಎರಡರಲ್ಲಿ ಒಂದು: ಟೈಪ್-ಸಿ ಪೋರ್ಟ್ ಪಕ್ಕ ಇದ್ದರೆ ಥಂಡರ್‌ಬೋಲ್ಟ್ ಇರಬಹುದು, ಮಾಮೂಲಿ ಚೌಕ ಪೋರ್ಟ್ ಪಕ್ಕ ಇದ್ದರೆ ಚಾರ್ಜಿಂಗ್ ಅಂತ ಅರ್ಥ.

ಹಂತ 2: ಒಂದು ದೊಡ್ಡ ಫೈಲ್ ಕಾಪಿ ಮಾಡಿ ನೋಡಿ

ಬಣ್ಣ, ಗುರುತು ಎಲ್ಲ ಸುಳ್ಳು ಹೇಳಬಹುದು, ಕಾಪಿ ವೇಗ ಸುಳ್ಳು ಹೇಳಲ್ಲ. ಇದಕ್ಕೆ 3.0 ಅಂತ ಗ್ಯಾರಂಟಿ ಇರೋ ಒಂದು ಡ್ರೈವ್ ಬೇಕು. ಪೋರ್ಟಬಲ್ ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿ ಇದ್ದರೆ ಒಳ್ಳೇದು.

1. ಡ್ರೈವ್‌ನಲ್ಲಿ 3-4 ಜಿಬಿಯ ಒಂದೇ ದೊಡ್ಡ ವಿಡಿಯೋ ಫೈಲ್ ಇರಲಿ. ನೂರಾರು ಚಿಕ್ಕ ಫೋಟೋ ಬೇಡ, ಚಿಕ್ಕ ಫೈಲ್‌ಗಳು ಯಾವ ಪೋರ್ಟ್‌ನಲ್ಲೂ ನಿಧಾನವೇ.
2. ಡ್ರೈವ್‌ನಿಂದ ಕಂಪ್ಯೂಟರ್ ಕಡೆಗೆ ಕಾಪಿ ಮಾಡಿ. ಕಂಪ್ಯೂಟರ್‌ನಿಂದ ಡ್ರೈವ್‌ಗೆ ಮಾಡಿದರೆ ಮೊದಲ ಕೆಲವು ಸೆಕೆಂಡ್ ಸುಳ್ಳು ವೇಗ ಕಾಣಿಸಬಹುದು.
3. ಕಾಪಿ ಬಾಕ್ಸ್‌ನಲ್ಲಿ ‘ಮೋರ್ ಡೀಟೇಲ್ಸ್’ ಒತ್ತಿ. ಸೆಕೆಂಡಿಗೆ ಎಷ್ಟು ಎಂಬಿ ಅಂತ ತೋರಿಸುತ್ತೆ.
4. 60 ಎಂಬಿ ದಾಟಿ ಒಂದೇ ಸಮ ಓಡಿದರೆ ಆ ಪೋರ್ಟ್ 3.0 ಅನ್ನೋದ್ರಲ್ಲಿ ಡೌಟೇ ಇಲ್ಲ. 2.0 ಪೋರ್ಟ್‌ಗೆ ಆ ವೇಗ ಸಾಧ್ಯವೇ ಇಲ್ಲ.
5. ಅದೇ ಡ್ರೈವ್, ಅದೇ ಕೇಬಲ್ ಬೇರೆ ಪೋರ್ಟ್‌ಗೆ ಹಾಕಿದಾಗ 30-40ರಲ್ಲೇ ನಿಂತರೆ ಆ ಪೋರ್ಟ್ 2.0. ಎರಡನೇ ಸಲಕ್ಕೆ ಬೇರೆ ಫೈಲ್ ಬಳಸಿ. ಒಮ್ಮೆ ಓದಿದ ಫೈಲನ್ನು ಕಂಪ್ಯೂಟರ್ ನೆನಪಲ್ಲಿ ಇಟ್ಟುಕೊಂಡಿರುತ್ತೆ.

ಗೊತ್ತಾದ ಮೇಲೆ ಪೋರ್ಟ್ ಪಕ್ಕ ಒಂದು ಚಿಕ್ಕ ಸ್ಟಿಕ್ಕರ್ ಅಂಟಿಸಿ 2 ಅಥವಾ 3 ಅಂತ ಬರೆದಿಡಿ. ಅಂಗಡಿಯ ಹುಡುಗರಿಗೂ ಅನುಕೂಲ.

ಹಂತ 3: ಕಂಪ್ಯೂಟರನ್ನೇ ಕೇಳಿ

ವಿಂಡೋಸ್: ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆಗೆಯಿರಿ. ಕೆಳಗಡೆ ‘ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್’ ಅಂತ ಇರುತ್ತೆ, ಅದನ್ನು ಬಿಡಿಸಿ. ಅದರಲ್ಲಿ ‘ಎಕ್ಸ್‌ಟೆನ್ಸಿಬಲ್ ಹೋಸ್ಟ್ ಕಂಟ್ರೋಲರ್’ ಅಂತ ಇದ್ದರೆ ಕಂಪ್ಯೂಟರ್‌ನಲ್ಲಿ 3.0 ಇದೆ. ‘ಎನ್‌ಹ್ಯಾನ್ಸ್ಡ್ ಹೋಸ್ಟ್ ಕಂಟ್ರೋಲರ್’ ಮಾತ್ರ ಇದ್ದರೆ 2.0 ಅಷ್ಟೇ.

ಒಂದು ಎಚ್ಚರಿಕೆ: ಇದು ಕಂಪ್ಯೂಟರ್‌ನಲ್ಲಿ 3.0 ಇದೆಯೋ ಇಲ್ಲವೋ ಅನ್ನೋದನ್ನು ಮಾತ್ರ ಹೇಳುತ್ತೆ. ಯಾವ ಪೋರ್ಟ್ 3.0 ಅಂತ ಹೇಳಲ್ಲ. ಹೊಸ ಕಂಪ್ಯೂಟರ್‌ಗಳಲ್ಲಿ ಕಪ್ಪು 2.0 ಪೋರ್ಟ್ ಕೂಡ ಅದೇ ಕಂಟ್ರೋಲರ್ ಕೆಳಗೇ ಬರುತ್ತೆ. ಯಾವುದು ಅಂತ ಖಚಿತ ಆಗಬೇಕಾದರೆ ‘ಯುಎಸ್‌ಬಿ ಡಿವೈಸ್ ಟ್ರೀ ವ್ಯೂವರ್’ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಡ್ರೈವ್ ಚುಚ್ಚಿ ಇದನ್ನು ತೆರೆದರೆ ಆ ಡ್ರೈವ್ ಯಾವ ವೇಗದಲ್ಲಿ ಕನೆಕ್ಟ್ ಆಗಿದೆ ಅಂತ ಬರುತ್ತೆ. ಹೈ-ಸ್ಪೀಡ್ ಅಂದರೆ 2.0, ಸೂಪರ್ ಸ್ಪೀಡ್ ಅಂದರೆ 3.0. ಹೆಸರಿಗೆ ಮೋಸ ಹೋಗಬೇಡಿ, ಇಲ್ಲಿ ‘ಹೈ-ಸ್ಪೀಡ್’ ಅನ್ನೋದೇ ಹಳೇದು.

3.0 ಡ್ರೈವನ್ನು 2.0 ಪೋರ್ಟ್‌ಗೆ ಹಾಕಿದಾಗ ಕೆಲವು ವಿಂಡೋಸ್‌ಗಳಲ್ಲಿ ‘ದಿಸ್ ಡಿವೈಸ್ ಕ್ಯಾನ್ ಪರ್ಫಾರ್ಮ್ ಫಾಸ್ಟರ್’ ಅಂತ ಮೂಲೆಯಲ್ಲಿ ಬರುತ್ತೆ. ಎಷ್ಟೋ ಜನ ಅದನ್ನು ಓದದೆ ಕ್ಲೋಸ್ ಮಾಡ್ತಾರೆ. ಅದು ಹೇಳೋದು ಇಷ್ಟೇ: ನನ್ನನ್ನು ಬೇರೆ ಪೋರ್ಟ್‌ಗೆ ಹಾಕಿ.

ಉಬುಂಟು ಮತ್ತಿತರ ಲಿನಕ್ಸ್: ಟರ್ಮಿನಲ್ ತೆಗೆದು ಇಂಗ್ಲಿಷಿನ ಚಿಕ್ಕಕ್ಷರದಲ್ಲಿ ಎಲ್, ಎಸ್, ಯು, ಎಸ್, ಬಿ ಅಂತ ಒಂದೇ ಪದವಾಗಿ ಟೈಪ್ ಮಾಡಿ, ಜಾಗ ಬಿಟ್ಟು ಮೈನಸ್ ಚಿಹ್ನೆ ಮತ್ತು ಟಿ ಒತ್ತಿ ಎಂಟರ್ ಕೊಡಿ. ನಿಮ್ಮ ಡ್ರೈವ್‌ನ ಸಾಲಿನ ಕೊನೆಯಲ್ಲಿ 480 ಅಂತ ಇದ್ದರೆ 2.0, 5000 ಇದ್ದರೆ 3.0, 10000 ಇದ್ದರೆ 10 ಗಿಗಾಬಿಟ್.

ಆಪಲ್ ಮ್ಯಾಕ್: ಆಪಲ್ ಮೆನುವಿನಲ್ಲಿ ‘ಅಬೌಟ್ ದಿಸ್ ಮ್ಯಾಕ್’, ಅಲ್ಲಿಂದ ‘ಸಿಸ್ಟಮ್ ರಿಪೋರ್ಟ್’, ಅದರಲ್ಲಿ ‘ಯುಎಸ್‌ಬಿ’. ಚುಚ್ಚಿದ ಡ್ರೈವ್‌ನ ಮುಂದೆ ವೇಗ ಬರೆದಿರುತ್ತೆ.

ಮಾಡೆಲ್ ನೋಡಿ: ವಿಂಡೋಸ್ ಸರ್ಚ್‌ನಲ್ಲಿ ‘ಸಿಸ್ಟಮ್ ಇನ್ಫರ್ಮೇಷನ್’ ತೆಗೆದರೆ ಲ್ಯಾಪ್‌ಟಾಪ್ ಮಾಡೆಲ್ ಹೆಸರು, ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡ್ ಹೆಸರು ಸಿಗುತ್ತೆ. ಅದನ್ನು ಕಂಪನಿಯ ಸೈಟಿನಲ್ಲಿ ಹುಡುಕಿದರೆ ಎಷ್ಟು ಪೋರ್ಟ್, ಯಾವ ವರ್ಷನ್ ಅಂತ ಪಟ್ಟಿಯೇ ಇರುತ್ತೆ.

ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಳ್ಳುವವರೇ, ಇಲ್ಲಿ ನೋಡಿ

ಆನ್‌ಲೈನ್ ಸೆಂಟರ್, ಡಿಟಿಪಿ, ಟ್ಯೂಷನ್ ಅಂತ ಹೊಸದಾಗಿ ಶುರು ಮಾಡುವವರು ದುಡ್ಡು ಉಳಿಸೋಕೆ ಹಳೇ ಸಿಸ್ಟಮ್ ನೋಡ್ತಾರೆ. ತಪ್ಪೇನಿಲ್ಲ. ಆದರೆ ಮೂರು ವಿಷಯ ತಿಳ್ಕೊಂಡು ಹೋಗಿ.

ಒಂದು, ಇಂಟೆಲ್ ತನ್ನ ಚಿಪ್‌ಸೆಟ್‌ನಲ್ಲೇ 3.0 ಕೊಡೋಕೆ ಶುರು ಮಾಡಿದ್ದು 2012ರಲ್ಲಿ, 7 ಸೀರೀಸ್ ಬೋರ್ಡ್‌ಗಳಿಂದ. ಅದಕ್ಕೂ ಹಿಂದಿನ ಜಿ41, ಎಚ್61 ಬೋರ್ಡ್‌ಗಳು ನಮ್ಮಲ್ಲಿ ತುಂಬಾ ಓಡಿದವು. ಅವುಗಳ ಚಿಪ್‌ಸೆಟ್‌ನಲ್ಲಿ 3.0 ಇಲ್ಲ. ಕೆಲವು ಬೋರ್ಡ್‌ಗೆ ಕಂಪನಿಯವರೇ ಬೇರೆ ಚಿಪ್ ಹಾಕಿ ಒಂದೆರಡು ನೀಲಿ ಪೋರ್ಟ್ ಕೊಟ್ಟಿದ್ದುಂಟು. ಮೋಸ ಆಗೋದು ಎಲ್ಲಿ ಅಂದರೆ, ಎಚ್61 ಬೋರ್ಡ್‌ಗೆ ಥರ್ಡ್ ಜನರೇಷನ್ ಪ್ರೊಸೆಸರ್ ಕೂಡ ಕೂರುತ್ತೆ. ‘ಥರ್ಡ್ ಜೆನ್ ಐ5 ಸಾರ್, 3.0 ಇದ್ದೇ ಇರುತ್ತೆ’ ಅಂದರೆ ಒಪ್ಪಬೇಡಿ. ಪ್ರೊಸೆಸರ್ ಅಲ್ಲ, ಬೋರ್ಡ್ ನೋಡಬೇಕು.

ಎರಡು, ಕ್ಯಾಬಿನೆಟ್ ಮುಂದಿನ ನೀಲಿ ಪೋರ್ಟ್. ಮುಂದಿನ ಪೋರ್ಟ್‌ನಿಂದ ಒಳಗೆ ಬೋರ್ಡ್‌ಗೆ ಒಂದು ವೈರ್ ಹೋಗುತ್ತೆ. 3.0 ಆದರೆ ಅದು 19 ಪಿನ್‌ನ ದಪ್ಪ ಕನೆಕ್ಟರ್. 2.0 ಆದರೆ 9 ಪಿನ್‌ನ ಚಿಕ್ಕದು. ಬೋರ್ಡ್‌ನಲ್ಲಿ 19 ಪಿನ್ ಜಾಗವೇ ಇಲ್ಲದಿದ್ದರೆ ನೀಲಿ ಪೋರ್ಟನ್ನು 2.0 ಜಾಗಕ್ಕೇ ಜೋಡಿಸಿ ಬಿಟ್ಟಿರ್ತಾರೆ. ಹೊರಗೆ ನೀಲಿ, ಒಳಗೆ ಕಪ್ಪು. ಪಕ್ಕದ ಮುಚ್ಚಳ ತೆಗೆಸಿ ನೋಡಿ, ಇಲ್ಲಾಂದ್ರೆ ಹಂತ 2ರ ಕಾಪಿ ಟೆಸ್ಟ್ ಮಾಡಿ.

ಮೂರು, ವಿಂಡೋಸ್ 7. ಇದರಲ್ಲಿ 3.0 ಡ್ರೈವರ್ ಮೊದಲೇ ಇರಲ್ಲ, ಬೇರೆ ಹಾಕಬೇಕು. ಅದಿಲ್ಲದಿದ್ದರೆ ನೀಲಿ ಪೋರ್ಟ್ ಕೆಲಸವೇ ಮಾಡದೆ ಇರಬಹುದು, ಪೋರ್ಟ್ ಹಾಳಾಗಿದೆ ಅಂತ ಅಂದುಕೊಳ್ಳಬೇಡಿ. ವಿಂಡೋಸ್ 8ರಿಂದ ಈಚೆಗೆ ಈ ತೊಂದರೆ ಇಲ್ಲ. ಕೆಲವು ಹಳೇ ಬೋರ್ಡ್‌ಗಳ ಬಯೋಸ್‌ನಲ್ಲಿ ‘ಎಕ್ಸ್‌ಎಚ್‌ಸಿಐ’ ಅನ್ನೋ ಸೆಟ್ಟಿಂಗ್ ಆಫ್ ಇದ್ದರೂ ನೀಲಿ ಪೋರ್ಟ್ 2.0 ಥರ ಓಡುತ್ತೆ.

ಸಿಸ್ಟಮ್ ನೋಡೋಕೆ ಹೋಗುವಾಗ ಒಂದು 3.0 ಹಾರ್ಡ್‌ಡಿಸ್ಕ್ ಜೇಬಲ್ಲಿ ಇಟ್ಕೊಂಡು ಹೋಗಿ. ದುಡ್ಡು ಕೊಡೋ ಮುಂಚೆ ಎಲ್ಲ ಪೋರ್ಟ್‌ಗೂ ಹಾಕಿ ನೋಡಿ. ಸಾಚಾ ವ್ಯಾಪಾರಿ ಇದಕ್ಕೆ ಬೇಡ ಅನ್ನಲ್ಲ.

ಟೈಪ್-ಸಿ ಅಂದರೆ ಆಕಾರ ಮಾತ್ರ, ವೇಗ ಅಲ್ಲ

ಉಲ್ಟಾ ಸೀದಾ ಹೇಗೆ ಹಾಕಿದರೂ ಕೂರೋ ಟೈಪ್-ಸಿ ಬಂದಿದ್ದು 2014ರಲ್ಲಿ. ಈಗಿನ ಬಹುತೇಕ ಮೊಬೈಲ್, ಲ್ಯಾಪ್‌ಟಾಪ್‌ನಲ್ಲಿ ಇದೇ ಇದೆ. ‘ಟೈಪ್-ಸಿ ಇದೆ, ಅಂದರೆ ಫಾಸ್ಟ್’ ಅನ್ನೋದು ಈಗ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ಟೈಪ್-ಸಿ ಬಾಯಿಯ ಹಿಂದೆ 2.0 ಇರಬಹುದು, ಯುಎಸ್‌ಬಿ4 ಕೂಡ ಇರಬಹುದು.

2023ರಲ್ಲಿ ಬಂದ ಐಫೋನ್ 15ನ್ನೇ ನೋಡಿ. ದುಬಾರಿ ಫೋನ್, ಟೈಪ್-ಸಿ ಪೋರ್ಟ್, ಆದರೆ ಡೇಟಾ ವೇಗ 2.0ದೇ. ಅದೇ ವರ್ಷದ ಐಫೋನ್ 15 ಪ್ರೋದಲ್ಲಿ 10 ಗಿಗಾಬಿಟ್ ಇದೆ, ಆದರೆ ಬಾಕ್ಸ್‌ನಲ್ಲಿ ಬಂದ ಕೇಬಲ್ 2.0. ಫಾಸ್ಟ್ ಬೇಕಾದರೆ ಬೇರೆ ಕೇಬಲ್ ಕೊಳ್ಳಬೇಕು. ಕಡಿಮೆ ಬೆಲೆಯ ಹಲವು ಆಂಡ್ರಾಯ್ಡ್ ಫೋನ್‌ಗಳ ಟೈಪ್-ಸಿ ಕೂಡ 2.0. ಆದ್ದರಿಂದ ಅಂಗಡಿಯಲ್ಲಿ ‘ಟೈಪ್-ಸಿ ಇದೆಯಾ’ ಅಂತ ಕೇಳಿ ಸುಮ್ಮನಾಗಬೇಡಿ. ‘ಅಣ್ಣಾ, ಡೇಟಾ ಸ್ಪೀಡ್ ಎಷ್ಟು, 5 ಜಿಬಿಪಿಎಸ್ಸಾ 10ಆ?’ ಅಂತ ಕೇಳಿ.

ಕೇಬಲ್, ಹಬ್ ಮೇಲೂ ಕಣ್ಣಿಡಿ

ಪೋರ್ಟ್ 3.0, ಹಾರ್ಡ್‌ಡಿಸ್ಕ್ 3.0, ಆದರೂ ಸ್ಲೋ ಅಂದರೆ ಕೇಬಲ್ ಮೇಲೆ ಅನುಮಾನ ಪಡಿ.

• ಮೊಬೈಲ್ ಜೊತೆ ಬರೋ ಚಾರ್ಜಿಂಗ್ ಕೇಬಲ್ ಸಾಮಾನ್ಯವಾಗಿ 2.0. ಎಸ್‌ಎಸ್‌ಡಿಗೆ ಅದರ ಜೊತೆ ಬಂದ ಕೇಬಲನ್ನೇ ಬಳಸಿ.
• ಪೋರ್ಟಬಲ್ ಹಾರ್ಡ್‌ಡಿಸ್ಕ್‌ನ ಅಗಲದ, ಎರಡು ಭಾಗ ಇರೋ ಪೋರ್ಟ್ ನೋಡಿರ್ತೀರಿ. ಅದರ ದೊಡ್ಡ ಭಾಗಕ್ಕೆ ಹಳೇ ಮೊಬೈಲ್‌ನ ಮೈಕ್ರೋ ಕೇಬಲ್ ಕೂಡ ಕೂರುತ್ತೆ, ಡಿಸ್ಕ್ ಓಡುತ್ತೆ ಕೂಡ. ಆದರೆ 2.0 ವೇಗದಲ್ಲಿ.
• ಅಗ್ಗದ ನಾಲ್ಕು ಪೋರ್ಟ್ ಹಬ್‌ಗಳು ಹೆಚ್ಚಿನವು 2.0. ಅದನ್ನು ನೀಲಿ ಪೋರ್ಟ್‌ಗೆ ಹಾಕಿದರೂ ಅದರ ಮೂಲಕ ಹೋಗೋದೆಲ್ಲ 2.0ದೇ.
• 3.0 ಪೆನ್‌ಡ್ರೈವನ್ನು ತೀರಾ ನಿಧಾನವಾಗಿ ಒತ್ತಿದರೆ ಕೆಲವೊಮ್ಮೆ ಕಂಪ್ಯೂಟರ್ ಅದನ್ನು 2.0 ಅಂತ ತಿಳ್ಕೊಳ್ಳುತ್ತೆ. ತೆಗೆದು ಒಂದೇ ಸಲಕ್ಕೆ ಪೂರ್ತಿ ಒತ್ತಿ.
• ಮಳೆಗಾಲದ ಥಂಡಿಗೆ, ಧೂಳಿಗೆ ಒಳಗಿನ 5 ಪಿನ್ ಮಂಕಾದರೂ ವೇಗ 2.0ಗೆ ಇಳಿಯಬಹುದು. ಸಿಸ್ಟಮ್ ಆಫ್ ಮಾಡಿ ಒಣ ಬ್ರಷ್‌ನಲ್ಲಿ ಕ್ಲೀನ್ ಮಾಡಿ. ಬಾಯಲ್ಲಿ ಊದಬೇಡಿ, ತೇವ ಒಳಗೆ ಹೋಗುತ್ತೆ.

ಪೆನ್‌ಡ್ರೈವ್ ವಿಷಯದಲ್ಲಿ ಇನ್ನೊಂದು ಮಾತು. ಅಗ್ಗದ 3.0 ಪೆನ್‌ಡ್ರೈವ್‌ನಿಂದ ಫೈಲ್ ಓದೋದು ಬೇಗ, ಅದಕ್ಕೆ ಫೈಲ್ ಹಾಕೋದು ನಿಧಾನ. ಒಳಗಿನ ಚಿಪ್ಪೇ ಅಷ್ಟು. ಬಾಕ್ಸ್ ಮೇಲೆ ‘ರೀಡ್ ಸ್ಪೀಡ್’ ಮಾತ್ರ ಬರೆದು ‘ರೈಟ್ ಸ್ಪೀಡ್’ ಬರೆದಿಲ್ಲ ಅಂದರೆ ಕೇಳಿಯೇ ತಗೊಳ್ಳಿ.

ಯಾವುದಕ್ಕೆ 3.0 ಬೇಕು, ಯಾವುದಕ್ಕೆ ಬೇಡ?

ಎಲ್ಲಕ್ಕೂ 3.0 ಬೇಕು ಅಂತೇನಿಲ್ಲ. ಇರೋ ಎರಡು ನೀಲಿ ಪೋರ್ಟ್‌ಗೆ ಕೀಬೋರ್ಡ್, ಮೌಸ್ ಹಾಕಿ, ಹಾರ್ಡ್‌ಡಿಸ್ಕನ್ನು ಕಪ್ಪು ಪೋರ್ಟ್‌ಗೆ ಹಾಕೋದು ಎಷ್ಟೋ ಅಂಗಡಿಗಳಲ್ಲಿ ಕಾಣೋ ದೃಶ್ಯ. ಇದನ್ನು ಅದಲು ಬದಲು ಮಾಡಿದರೆ ಪೈಸೆ ಖರ್ಚಿಲ್ಲದೆ ಕೆಲಸ ಫಾಸ್ಟ್ ಆಗುತ್ತೆ.

2.0 ಸಾಕು: ಕೀಬೋರ್ಡ್, ಮೌಸ್, ಪ್ರಿಂಟರ್, ಥರ್ಮಲ್ ಬಿಲ್ ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್, ಥಂಬ್ ಮಷಿನ್, ಡಿಎಸ್‌ಸಿ ಟೋಕನ್, ಸಾಮಾನ್ಯ ವೆಬ್ ಕ್ಯಾಮೆರಾ.

3.0 ಬೇಕು: ಪೋರ್ಟಬಲ್ ಹಾರ್ಡ್‌ಡಿಸ್ಕ್, ಎಸ್‌ಎಸ್‌ಡಿ, ಕ್ಯಾಮೆರಾ ಕಾರ್ಡ್ ರೀಡರ್, ದೊಡ್ಡ ಫೈಲ್ ಇರೋ ಪೆನ್‌ಡ್ರೈವ್.

ವೈರ್‌ಲೆಸ್ ಮೌಸ್, ಕೀಬೋರ್ಡ್‌ನ ಚಿಕ್ಕ ರಿಸೀವರ್ ಅಂತೂ 3.0 ಪೋರ್ಟ್‌ನಿಂದ ದೂರವೇ ಇರಲಿ. 3.0 ಡ್ರೈವ್ ಓಡುವಾಗ ಅದರಿಂದ ಬರೋ ತೊಂದರೆ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ತಾಗುತ್ತೆ ಅಂತ ಇಂಟೆಲ್ 2012ರಲ್ಲೇ ಹೇಳಿದೆ. ಕಾಪಿ ಮಾಡುವಾಗ ಮಾತ್ರ ಮೌಸ್ ಎಳೆದಂಗೆ ಆಗೋದು, ನಿಂತು ನಿಂತು ಓಡೋದು ಇದರಿಂದಲೇ ಇರಬಹುದು.

ಕರೆಂಟ್ ಲೆಕ್ಕದಲ್ಲೂ ವ್ಯತ್ಯಾಸ ಇದೆ. 2.0 ಪೋರ್ಟ್ ಕೊಡೋದು 500 ಮಿಲಿಆಂಪ್, 3.0 ಪೋರ್ಟ್ 900 ಮಿಲಿಆಂಪ್. ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿ ಓಪನ್ ಆಗದಿದ್ದರೆ ಕೂಡಲೇ ‘ಡಿಸ್ಕ್ ಹೋಯ್ತು’ ಅಂತ ಗಾಬರಿ ಬೇಡ. ಕರೆಂಟ್ ಸಾಲದೆ ಹಾಗಾಗಿರಬಹುದು. ಹಬ್ ತೆಗೆದು, ಕ್ಯಾಬಿನೆಟ್ ಹಿಂದಿನ ನೀಲಿ ಪೋರ್ಟ್‌ಗೆ ನೇರ ಹಾಕಿ ನೋಡಿ. ಆಗಲೂ ಅದೇ ಸದ್ದು ಬಂದರೆ ಮತ್ತೆ ಮತ್ತೆ ಹಾಕಿ ತೆಗೆಯೋದು ಬೇಡ, ತಿಳಿದವರ ಹತ್ತಿರ ತೋರಿಸಿ.

ಪೋರ್ಟ್ 2.0 ಅಂತ ಗೊತ್ತಾಯ್ತು, ಮುಂದೇನು?

ಕಂಪ್ಯೂಟರ್ ಬದಲಾಯಿಸಬೇಕು ಅಂತೇನಿಲ್ಲ. ಡೆಸ್ಕ್‌ಟಾಪ್ ಆದರೆ ಒಳಗೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇದೆಯಾ ನೋಡಿ. ಇದ್ದರೆ 3.0 ಕಾರ್ಡ್ ಹಾಕಿಸಬಹುದು, ಹೊಸ ಸಿಸ್ಟಮ್‌ಗೆ ಹೋಲಿಸಿದರೆ ಖರ್ಚು ತುಂಬಾ ಕಮ್ಮಿ. ಕಾರ್ಡ್ ಜೊತೆ ನಿಮ್ಮ ವಿಂಡೋಸ್‌ಗೆ ಡ್ರೈವರ್ ಸಿಗುತ್ತಾ ಅಂತ ಕೇಳಿಕೊಳ್ಳಿ. ದಿನಾ ದೊಡ್ಡ ಬ್ಯಾಕಪ್ ತೆಗೆಯುವವರು ಒಳಗೇ ಇನ್ನೊಂದು ಸಾಟಾ ಹಾರ್ಡ್‌ಡಿಸ್ಕ್ ಹಾಕಿಸಿಕೊಂಡರೂ ಆಗುತ್ತೆ, ಅದು ಯುಎಸ್‌ಬಿ 2.0ಗಿಂತ ಎಷ್ಟೋ ಫಾಸ್ಟ್. ಆದರೆ ಒಂದು ಕಾಪಿ ಕಂಪ್ಯೂಟರ್‌ನಿಂದ ಹೊರಗೂ ಇರಲಿ.

ಹಳೇ ಲ್ಯಾಪ್‌ಟಾಪ್‌ನಲ್ಲಿ ಈ ದಾರಿ ಇರಲ್ಲ. ಅಂಥವರು ದುಬಾರಿ ಎಸ್‌ಎಸ್‌ಡಿಗೆ ದುಡ್ಡು ಹಾಕೋ ಬದಲು ಸಾಮಾನ್ಯ ಹಾರ್ಡ್‌ಡಿಸ್ಕ್ ತಗೊಂಡು, ಅಂಗಡಿ ಮುಚ್ಚೋ ಹೊತ್ತಿಗಲ್ಲ, ಕರೆಂಟ್ ಗ್ಯಾರಂಟಿ ಇರೋ ಹೊತ್ತಿಗೆ ಬ್ಯಾಕಪ್ ಇಡೋದು ಒಳ್ಳೇದು. ಲ್ಯಾಪ್‌ಟಾಪ್ ಬ್ಯಾಟರಿ ಚೆನ್ನಾಗಿದ್ದರೆ ಆ ಭಯವೂ ಕಮ್ಮಿ.

ಜನ ಸಾಮಾನ್ಯವಾಗಿ ಕೇಳೋ ಪ್ರಶ್ನೆ

3.0 ಪೆನ್‌ಡ್ರೈವ್ 2.0 ಪೋರ್ಟ್‌ಗೆ ಹಾಕಿದರೆ ಸುಟ್ಟು ಹೋಗುತ್ತಾ?
ಇಲ್ಲ. ಕೆಲಸ ಮಾಡುತ್ತೆ, ನಿಧಾನ ಅಷ್ಟೇ. 2.0 ಪೆನ್‌ಡ್ರೈವ್ 3.0 ಪೋರ್ಟ್‌ಗೆ ಹಾಕಿದರೂ ಏನೂ ಆಗಲ್ಲ, ವೇಗವೂ ಹೆಚ್ಚಾಗಲ್ಲ.

ಸಾಫ್ಟ್‌ವೇರ್ ಹಾಕಿ 2.0 ಪೋರ್ಟನ್ನು 3.0 ಮಾಡಬಹುದಾ?
ಆಗಲ್ಲ. ಆ 5 ಪಿನ್ ಬೋರ್ಡ್‌ನಲ್ಲೇ ಇಲ್ಲ. ಹಾಗೆ ಮಾಡಿಕೊಡ್ತೀವಿ ಅಂದವರಿಗೆ ದುಡ್ಡು ಕೊಡಬೇಡಿ.

ನೀಲಿ ಪೋರ್ಟ್‌ನಲ್ಲಿ ಇಂಟರ್‌ನೆಟ್ ಡಾಂಗಲ್ ಫಾಸ್ಟ್ ಆಗುತ್ತಾ?
ಸಾಮಾನ್ಯ 4ಜಿ ಡಾಂಗಲ್‌ಗೆ ವ್ಯತ್ಯಾಸ ಕಾಣಲ್ಲ. ಅಲ್ಲಿ ನಿಧಾನ ಇರೋದು ಟವರ್ ಸಿಗ್ನಲ್, ಪೋರ್ಟ್ ಅಲ್ಲ.

ಅಂಗಡಿಗೆ ಹೋಗೋ ಮುಂಚೆ ಬರೆದಿಟ್ಟುಕೊಳ್ಳಿ

• ನಿಮ್ಮ ಕಂಪ್ಯೂಟರ್ ಮಾಡೆಲ್ ಅಥವಾ ಬೋರ್ಡ್ ಹೆಸರು
• ಎಷ್ಟು ಪೋರ್ಟ್ 3.0, ಎಷ್ಟು 2.0, ಟೈಪ್-ಸಿ ಇದೆಯಾ
• ಪೋರ್ಟ್‌ಗಳ ಫೋಟೋ, ಮೊಬೈಲಲ್ಲಿ
• ಒಂದು ಸಲಕ್ಕೆ ಎಷ್ಟು ಜಿಬಿ ಕಾಪಿ ಮಾಡ್ತೀರಿ ಅನ್ನೋ ಅಂದಾಜು
• ಬಿಲ್ ಮೇಲೆ ಡ್ರೈವ್‌ನ ಮಾಡೆಲ್ ನಂಬರ್ ಬರೆಸಿಕೊಳ್ಳೋದು. ವಾರಂಟಿಗೆ ಬೇಕಾಗುತ್ತೆ

ನೆಹರೂ ರಸ್ತೆಯಲ್ಲೇ ಕೊಳ್ಳಿ, ದುರ್ಗಿಗುಡಿಯಲ್ಲೇ ಕೊಳ್ಳಿ, ಭದ್ರಾವತಿಯ ಬಿ.ಎಚ್. ರಸ್ತೆಯಲ್ಲೇ ಕೊಳ್ಳಿ, ಆನ್‌ಲೈನ್‌ನಲ್ಲೇ ತರಿಸಿ, ಮೊದಲು ಮನೆಯ ಪೋರ್ಟ್ ನೋಡಿ, ಆಮೇಲೆ ಡ್ರೈವ್ ಆರಿಸಿ. 2.0 ಪೋರ್ಟ್ ಇರೋರಿಗೆ 10 ಗಿಗಾಬಿಟ್‌ನ ಎಸ್‌ಎಸ್‌ಡಿ ಈಗಂತೂ ದಂಡ. ಮುಂದೆ ಹೊಸ ಕಂಪ್ಯೂಟರ್ ತಗೊಳ್ಳೋ ಯೋಚನೆ ಇದ್ದರೆ ಮಾತ್ರ ಅದಕ್ಕೆ ಅರ್ಥ.